ಅತಾಲಿಬಾ ರೆಜೆಂದೆ ಪ್ರಾಯಕ್ಕೆ ಬಾರದೆ ಉಳಿದದ್ದು

ಪೋಸೊ ಮಾನ್ಸೊ ಪುರಸಭೆಯ ವ್ಯಾಪ್ತಿಯಲ್ಲಿ ಹದಿನೆಂಟು ವರ್ಷ ತುಂಬದ ಯಾರೊಬ್ಬರೂ ವಯಸ್ಕರ ಜಾಲತಾಣಗಳನ್ನು ನೋಡುವುದಿಲ್ಲ. ಮಾರ್ಚ್ ಹದಿನೇಳರಿಂದ ಇದು ದಾಖಲೆಯಲ್ಲಿರುವ ಸಂಗತಿ. ಅಂದು ಬೆಳಿಗ್ಗೆ ಹತ್ತು ಗಂಟೆಗೆ ಮೇಯರ್ ಜೆನೆಜಿಯೊ ಪರಾನ್ಯೋಸ್ ಅವರು ಹಳೆಯ ಹಾಲಿನ ಡೇರಿಯ ಕಟ್ಟಡದಲ್ಲಿ ವಯೋದೃಢೀಕರಣ ಕೇಂದ್ರದ ರಿಬ್ಬನ್ ಕತ್ತರಿಸಿದರು. ಹನ್ನೊಂದು ಗಂಟೆಗೆ ರಾಜಧಾನಿಗೆ ಹೋದ ಮೊದಲ ವರದಿಯಲ್ಲಿ ‘ಅಪ್ರಾಪ್ತರ ಭೇಟಿ: ಸೊನ್ನೆ’ ಎಂದು ನಮೂದಾಯಿತು. ಆ ಸೊನ್ನೆ ಇಂದಿನವರೆಗೂ ಕದಲಿಲ್ಲ.

ಕಾನೂನು ಇಡೀ ಬ್ರೆಜಿಲ್‌ಗೆ ಬಂದದ್ದು. ಮಕ್ಕಳು ನೋಡಬಾರದ್ದನ್ನು ತೋರಿಸುವ ಜಾಲತಾಣಗಳು ನೋಡುಗರ ವಯಸ್ಸನ್ನು ಖಚಿತಪಡಿಸಿಕೊಳ್ಳತಕ್ಕದ್ದು ಎಂದಷ್ಟೇ ಅದು ಹೇಳಿತ್ತು, ಮತ್ತು ಸರಿಯಾದದ್ದನ್ನೇ ಹೇಳಿತ್ತು. ಪುರಸಭೆಗಳು ಸಹಕರಿಸಬೇಕೆಂದು ಕೊನೆಯ ಸಾಲಿನಲ್ಲಿ ಕೋರಲಾಗಿತ್ತು. ಪೋಸೊ ಮಾನ್ಸೊ ಕೋರಿದ್ದಕ್ಕಿಂತ ಹೆಚ್ಚು ಸಹಕರಿಸಿತು. ಮೇಯರರ ಭಾಮೈದನ ಬಳಿ ಸೀಬೆಹಣ್ಣು ಎಷ್ಟು ಮಾಗಿದೆಯೆಂದು ಅಳೆಯುವ ಕ್ಯಾಮೆರಾ ಯಂತ್ರವೊಂದು ಮಾರಾಟವಾಗದೆ ಉಳಿದಿತ್ತು. ಅದನ್ನು ಸ್ವಲ್ಪ ತಿದ್ದಿ ಮನುಷ್ಯರ ಮುಖಕ್ಕೆ ಹೊಂದಿಸಿ ಪುರಸಭೆಗೆ ಒದಗಿಸಲಾಯಿತು.

ಯಾವುದು ವಯಸ್ಕರ ಜಾಲತಾಣ ಎಂಬುದನ್ನು ತೀರ್ಮಾನಿಸುವ ಹೊಣೆಯನ್ನೂ ಅದೇ ಯಂತ್ರಕ್ಕೆ ವಹಿಸಿದರು. ಪರದೆಯ ಮೇಲೆ ನೂರಕ್ಕೆ ಮೂವತ್ತು ಪಾಲಿಗಿಂತ ಹೆಚ್ಚು ಚರ್ಮ ಕಂಡರೆ ಆ ತಾಣ ಪಟ್ಟಿಗೆ ಸೇರುತ್ತಿತ್ತು. ಮೊದಲ ವಾರ ಈಜುಕೊಳದ ಸಂಘ ಸೇರಿತು, ಹಂದಿಮಾಂಸದ ಅಂಗಡಿ ಸೇರಿತು, ಬಾಣ ಚುಚ್ಚಿಸಿಕೊಂಡು ನಿಂತ ಸಂತನ ಚಿತ್ರವಿದ್ದ ಚರ್ಚಿನ ಪುಟವೂ ಸೇರಿತು. ಪಾದ್ರಿಗಳು ತಮ್ಮದೇ ಪ್ರಾರ್ಥನೆಯ ವೇಳಾಪಟ್ಟಿ ನೋಡಲು ವಯಸ್ಸು ದೃಢೀಕರಿಸಿಕೊಂಡರು. ಯಾರೂ ಗೊಣಗಲಿಲ್ಲ. ಮಕ್ಕಳ ಹಿತದ ವಿಷಯದಲ್ಲಿ ಗೊಣಗುವವರನ್ನು ಊರು ಬೇರೆ ಕಣ್ಣಿನಿಂದ ನೋಡುತ್ತದೆ.

ಮೂರನೆಯ ವಾರ, ಹಳ್ಳಿಯ ಸೂಲಗಿತ್ತಿಯರ ತರಬೇತಿಗೆಂದು ಒಂದು ಸಂಸ್ಥೆ ಇಟ್ಟಿದ್ದ ಹನ್ನೊಂದು ಪಾಠಗಳ ಪುಟ ಪಟ್ಟಿಗೆ ಸೇರಿತು. ಆಗತಾನೆ ಹುಟ್ಟಿದ ಮಗುವಿನ ಮೈಯಲ್ಲಿ ಚರ್ಮ ನೂರಕ್ಕೆ ನೂರು.

ಆ ಪಾಠಗಳನ್ನು ಇಡೀ ಊರಿನಲ್ಲಿ ನೋಡುತ್ತಿದ್ದವರು ಒಬ್ಬರೇ. ಕಾಫಿ ಸಹಕಾರ ಸಂಘದ ತೂಕದ ಮನೆಯಲ್ಲಿ ಮೂವತ್ತೆಂಟು ವರ್ಷ ಮೂಟೆ ತೂಗಿ ನಿವೃತ್ತರಾದ ಅತಾಲಿಬಾ ರೆಜೆಂದೆ. ವಯಸ್ಸು ಎಪ್ಪತ್ತೊಂದು. ಊರು ಅವರನ್ನು ಮರ್ಯಾದೆಯಿಂದ ‘ಸೆವು ಅತಾಲಿಬಾ’ ಎನ್ನುತ್ತಿತ್ತು. ಪಾಠ ಹೇಳುತ್ತಿದ್ದಾಕೆ ಅವರ ಹೆಂಡತಿ ದೋನಾ ಜೊವೆಲಿನಾ. ಪೋಸೊ ಮಾನ್ಸೊದ ಸಾವಿರದ ಮುನ್ನೂರ ಹದಿನಾಲ್ಕು ಮಂದಿಯನ್ನು ಭೂಮಿಗೆ ಇಳಿಸಿಕೊಂಡ ಸೂಲಗಿತ್ತಿ. ಕಳೆದ ಜುಲೈನಲ್ಲಿ ತೀರಿಕೊಂಡಿದ್ದಳು.

ಆಕೆಯ ಧ್ವನಿ ಬೇರೆಲ್ಲೂ ಉಳಿದಿರಲಿಲ್ಲ. ಹನ್ನೊಂದು ಪಾಠಗಳಲ್ಲಿ ನಾಲ್ಕನೆಯದರಲ್ಲಿ, ಆರನೆಯ ನಿಮಿಷಕ್ಕೆ, ಆಕೆ ತಲೆ ತಿರುಗಿಸಿ, ಪರದೆಯ ಆಚೆ ದೀಪ ಹಿಡಿದು ನಿಂತಿದ್ದ ಗಂಡನನ್ನು ಹೆಸರು ಹಿಡಿದು ಕರೆಯುತ್ತಾಳೆ. ಅತಾಲಿಬಾ ಪ್ರತಿದಿನ ಮಧ್ಯಾಹ್ನ ಮೂರೂವರೆಗೆ ಕಾಫಿ ಸೋಸಿ, ಎರಡು ಚೀಸ್ ಬನ್ನು ತಟ್ಟೆಗಿಟ್ಟುಕೊಂಡು, ಆ ಆರನೆಯ ನಿಮಿಷದವರೆಗೆ ನೋಡುತ್ತಿದ್ದರು. ಆಮೇಲೆ ತಟ್ಟೆ ತೊಳೆಯುತ್ತಿದ್ದರು. ಏಪ್ರಿಲ್ ಒಂದರಂದು ಹೆಂಡತಿಯ ಮುಖದ ಜಾಗದಲ್ಲಿ ಒಂದು ಒಕ್ಕಣೆ ಬಂತು: ‘ಈ ಪುಟ ವಯಸ್ಕರಿಗೆ ಮಾತ್ರ. ದಯವಿಟ್ಟು ನಿಮ್ಮ ಪ್ರಾಯವನ್ನು ಹಾಲಿನ ಡೇರಿಯಲ್ಲಿ ರುಜುವಾತುಪಡಿಸಿ.’

ಅತಾಲಿಬಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದರು. ಕೇಂದ್ರದ ಅಧಿಕಾರಿ ಎವೆರಾಲ್ದೊ ಕಿಂತಾವೊ ಎಂಬ ಮೂವತ್ತಾರರ ಮನುಷ್ಯ, ಒಳ್ಳೆಯವನು, ಎದ್ದು ನಿಂತು ಕುರ್ಚಿ ಒರೆಸಿದ.

“ಬನ್ನಿ ಸೆವು ಅತಾಲಿಬಾ, ಕೂತ್ಕೊಳ್ಳಿ. ಮುಖ ಈ ಚೌಕಟ್ಟಿನಲ್ಲಿ ಇಡಿ. ನಗಬೇಡಿ, ನಕ್ಕರೆ ಯಂತ್ರ ಎರಡು ವರ್ಷ ಕಮ್ಮಿ ತೋರಿಸತ್ತೆ.”

“ನಗೋಕೆ ಏನೂ ಇಲ್ಲ ಬಿಡಪ್ಪ.”

ಯಂತ್ರ ಸ್ವಲ್ಪ ಹೊತ್ತು ಯೋಚಿಸಿ ಬರೆಯಿತು: ‘ಎಂಬತ್ತಮೂರು. ಪೂರ್ತಿ ಮಾಗಿದೆ. ಇಂದೇ ಬಳಸುವುದು ಉತ್ತಮ.’

“ಎಪ್ಪತ್ತೊಂದು ಕಣೋ. ಹನ್ನೆರಡು ಹೆಚ್ಚು ತೋರಿಸ್ತಿದೆ,” ಎಂದರು ಅತಾಲಿಬಾ. “ನಾನು ತೂಕದ ಮನೇಲಿದ್ದಾಗ ಇಂಥ ಯಂತ್ರಕ್ಕೆ ಬೀಗ ಜಡೀತಿದ್ದೆ.”

“ಇರ್ಲಿ ಬಿಡಿ, ಹೇಗೂ ಹದಿನೆಂಟು ದಾಟಿದೆಯಲ್ಲ. ಗುರುತಿನ ಚೀಟಿ ಕೊಡಿ, ಮೊಹರು ಒತ್ತಿಬಿಡ್ತೀನಿ.”

ಎವೆರಾಲ್ದೊ ಮೊಹರನ್ನು ಮಸಿಯಲ್ಲಿ ಅದ್ದಿ ಎತ್ತಿದವನು ಹಾಗೇ ಹಿಡಿದುಕೊಂಡು ಉಳಿದ.

“ಸೆವು ಅತಾಲಿಬಾ, ನೀವು ಹುಟ್ಟಿದ್ದು ಯಾವಾಗ?”

“ಐವತ್ನಾಲ್ಕು. ಜನವರಿ ಮಳೇಲಿ.”

“ಇದರಲ್ಲಿ ಎರಡು ಸಾವಿರದ ಹತ್ತು, ಫೆಬ್ರವರಿ ಒಂಬತ್ತು ಅಂತಿದೆ.”

ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ. ಎರಡು ಸಾವಿರದ ಹತ್ತರ ಜನವರಿಯಲ್ಲಿ ಹೊಳೆ ಉಕ್ಕಿ ನೋಂದಣಿ ಕಚೇರಿಯ ನೆಲಮಾಳಿಗೆಗೆ ನುಗ್ಗಿ, ನಲವತ್ಮೂರು ಮಂದಿಯ ಜನನದಾಖಲೆ ಇದ್ದ ಪುಸ್ತಕವನ್ನು ಕೊಚ್ಚಿಕೊಂಡು ಹೋಗಿತ್ತು. ಆ ಊರಿನಲ್ಲಿ ದೊಡ್ಡ ಕೆಲಸಗಳನ್ನೆಲ್ಲ ಜನ ಕೂಡಿ ಒಂದೇ ದಿನದಲ್ಲಿ ಮುಗಿಸುವುದು ವಾಡಿಕೆ. ಮನೆಗೆ ಹೆಂಚು ಹೊದಿಸುವುದೂ ಹಾಗೆ, ಬಾವಿ ತೋಡುವುದೂ ಹಾಗೆ. ನೋಂದಣಿಯನ್ನೂ ಹಾಗೇ ಮಾಡಿದರು. ನ್ಯಾಯಾಧೀಶರು ಬಸ್ಸಿನಲ್ಲಿ ಬಂದರು, ಚೌಕದಲ್ಲಿ ಮಾಂಸ ಸುಟ್ಟರು, ನಲವತ್ಮೂರು ಮಂದಿ ಸಾಲು ನಿಂತರು. ಅರ್ಜಿಯಲ್ಲಿ ತಾರೀಖಿಗೆ ಎರಡು ಮನೆಗಳಿದ್ದವು, ಒಂದು ಹುಟ್ಟಿದ ದಿನ, ಇನ್ನೊಂದು ಬರೆದ ದಿನ. ವಾದ್ಯದವರು ಶುರುಮಾಡಿಬಿಟ್ಟಿದ್ದರಿಂದ ಗುಮಾಸ್ತ ಎರಡರಲ್ಲೂ ಅದೇ ದಿನ ಬರೆದು ಕುಣಿಯಲು ಹೋದ. ನಲವತ್ಮೂರು ಮಂದಿ ಒಂದೇ ಮಧ್ಯಾಹ್ನ ಹುಟ್ಟಿದರು.

ಹದಿನೈದು ವರ್ಷ ಇದು ಯಾರ ಗಮನಕ್ಕೂ ಬರಲಿಲ್ಲ. ಬ್ಯಾಂಕು ಮೊಹರು ನೋಡಿತು. ಪಿಂಚಣಿ ಕಚೇರಿ ಮೊಹರು ನೋಡಿತು. ಮೊಹರು ದುಂಡಗೆ, ಸ್ಪಷ್ಟವಾಗಿ ಇತ್ತು. ಆ ಊರಿನ ಇತಿಹಾಸದಲ್ಲಿ ತಾರೀಖನ್ನು ಓದಿದ ಮೊದಲ ಕಚೇರಿಯೆಂದರೆ ವಯೋದೃಢೀಕರಣ ಕೇಂದ್ರ. ನಲವತ್ಮೂರರಲ್ಲಿ ಹತ್ತೊಂಬತ್ತು ಮಂದಿ ಅಷ್ಟರಲ್ಲಿ ಎಳೆ ವಯಸ್ಸಿನಲ್ಲೇ ತೀರಿಕೊಂಡಿದ್ದರು. ಉಳಿದವರಿಗೆ ಯಾವ ಜಾಲತಾಣವನ್ನೂ ನೋಡುವ ಅಗತ್ಯ ಬಿದ್ದಿಲ್ಲವಾದ್ದರಿಂದ ಅವರು ಇಂದಿಗೂ ವಯಸ್ಕರಾಗಿದ್ದಾರೆ.

“ಕಣ್ಣಿಗೆ ಕಾಣ್ತಿದೆಯಲ್ಲಪ್ಪ,” ಎಂದರು ಅತಾಲಿಬಾ.

“ಕಣ್ಣು ದಾಖಲೆ ಅಲ್ಲ.”

“ನಿನ್ನ ಯಂತ್ರಾನೇ ಎಂಬತ್ತಮೂರು ಅಂತಲ್ಲ.”

“ಯಂತ್ರದ್ದು ಅಂದಾಜು. ಚೀಟಿಗೆ ಮೊಹರಿದೆ.”

ಅತಾಲಿಬಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. “ನಿನ್ನ ಹೊಕ್ಕುಳಬಳ್ಳಿ ಕತ್ತರಿಸಿದ್ದು ಜೊವೆಲಿನಾ. ಅವತ್ತು ಕರೆಂಟಿರಲಿಲ್ಲ. ದೀಪ ಹಿಡಿದಿದ್ದು ನಾನು.”

ಎವೆರಾಲ್ದೊ ಎದೆಯ ಮೇಲೆ ಕೈಯಿಟ್ಟುಕೊಂಡ. “ಅಮ್ಮ ಈಗ್ಲೂ ಹೇಳ್ತಾರೆ. ಆ ಋಣ ನಾನು ಮರೆಯೋನಲ್ಲ. ಆದ್ರೆ ಆಗ ನೀವಿನ್ನೂ ಹುಟ್ಟಿರಲಿಲ್ಲ.”

ಅವನು ತನ್ನ ಕೈಲಾದದ್ದನ್ನೆಲ್ಲ ಮಾಡಿದ. ವಿನಾಯಿತಿ ಅರ್ಜಿಯನ್ನು ತಾನೇ ತುಂಬಿಸಿದ.

“ವಿಡಿಯೊದಲ್ಲಿ ಇನ್ಯಾರಿದ್ದಾರೆ?”

“ಒಂದು ಮಗು.”

“ವಯಸ್ಸು?”

“ಮೂರು ನಿಮಿಷ.”

“ಅಪ್ರಾಪ್ತ,” ಎಂದು ಬರೆದುಕೊಂಡು ಎವೆರಾಲ್ದೊ ನಿಟ್ಟುಸಿರುಬಿಟ್ಟ. “ಇದು ಇನ್ನೂ ಕಷ್ಟ ಆಯ್ತು.”

ಆಮೇಲೆ ಅವನು ಎದ್ದು ಗೋಡೆಯ ಮೇಲಿದ್ದ ಸುತ್ತೋಲೆ ಓದಿ, ಕೂತು, ಗಂಟಲು ಸರಿಪಡಿಸಿಕೊಂಡ. ಏಳನೆಯ ಕಲಮಿನ ಪ್ರಕಾರ ಕೇಂದ್ರದ ಸಿಬ್ಬಂದಿ ಅಪ್ರಾಪ್ತರೊಂದಿಗೆ ಏಕವಚನದಲ್ಲಿ, ವಾತ್ಸಲ್ಯದಿಂದ ಮಾತನಾಡತಕ್ಕದ್ದು. “ನೀವು... ನೀನು ಬೇಜಾರು ಮಾಡ್ಕೋಬೇಡ ಮರಿ,” ಎಂದ. ಅವನ ಕಿವಿ ಕೆಂಪಾಗಿತ್ತು. ಆ ಕಲಮು ಎಲ್ಲ ವರದಿಗಳಿಗೂ ಅನ್ವಯಿಸುವುದರಿಂದ ಇಲ್ಲಿಯೂ ಇನ್ನು ಮುಂದೆ ಅತಾಲಿಬಾನನ್ನು ಹಾಗೆಯೇ ಕರೆಯಲಾಗುವುದು.

ತಪ್ಪನ್ನು ತಿದ್ದಿಸುವ ದಾರಿ ಇಲ್ಲದಿರಲಿಲ್ಲ. ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದಿತ್ತು. ಅವನು ಹುಟ್ಟಿದ್ದನ್ನು ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳನ್ನು ಕರೆತರಬೇಕು. ಕಂಡವರೆಲ್ಲ ಗುಡ್ಡದ ಸ್ಮಶಾನದಲ್ಲಿದ್ದರು. ಸಾಕ್ಷಿಗಳಿಲ್ಲದಿದ್ದರೆ ಪ್ರಕರಣ ನಿಧಾನದ ಸಾಲಿಗೆ ಹೋಗುತ್ತದೆ. ವಿಚಾರಣೆಗೆ ಎರಡು ಸಾವಿರದ ಇಪ್ಪತ್ತೆಂಟರ ಮಾರ್ಚ್ ಕೊಟ್ಟರು.

“ಅಷ್ಟರಲ್ಲಿ ನಿನಗೆ ಹದಿನೆಂಟು ತುಂಬಿರತ್ತೆ. ಅರ್ಜಿ ತಾನಾಗೇ ಬಿದ್ದುಹೋಗತ್ತೆ,” ಎಂದು ಎವೆರಾಲ್ದೊ ಸಮಾಧಾನ ಹೇಳಿದ. “ಎಲ್ಲ ತಂತಾನೇ ಸರಿಹೋಗತ್ತೆ ನೋಡು.”

ಅಪ್ರಾಪ್ತನಾದವನು ತಾನೇ ಅರ್ಜಿ ಹಾಕುವಂತಿರಲಿಲ್ಲ. ಪೋಷಕರು ಬೇಕಿತ್ತು. ಒಬ್ಬಳೇ ಮಗಳು ಇವೊನೆತೆ, ನಲವತ್ನಾಲ್ಕು ವರ್ಷದವಳು, ಹೊಲಿಗೆ ಕೆಲಸದವಳು, ಬಂದು ಸಹಿ ಹಾಕಿದಳು. ಮಗಳು ತಂದೆಗಿಂತ ಇಪ್ಪತ್ತೊಂಬತ್ತು ವರ್ಷ ಮುಂಚೆ ಹುಟ್ಟಿರುವುದು ಪೋಷಕತ್ವಕ್ಕೆ ಅನುಕೂಲವೆಂದು ಕಡತದಲ್ಲಿ ಬರೆದರು.

ಇವೊನೆತೆ ಮಾತು ಬಂದಾಗಿನಿಂದ ಪ್ರತಿ ಬೆಳಿಗ್ಗೆ ಅಪ್ಪನ ಮುಂದೆ ಕೈ ಚಾಚಿ ಆಶೀರ್ವಾದ ಕೇಳಿದವಳು. ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಇಬ್ಬರೂ ಎದುರುಬದುರು ನಿಂತರು.

“ಈಗ ಯಾರು ಯಾರನ್ನ ಕೇಳ್ಬೇಕು?” ಎಂದಳು.

“ಸುತ್ತೋಲೇಲಿ ನೋಡು.”

“ನೋಡ್ದೆ. ಅದರ ಬಗ್ಗೆ ಇಲ್ಲ.”

“ಹಾಗಿದ್ರೆ ಇಬ್ಬರೂ ಕೇಳೋಣ.”

ಇಬ್ಬರೂ ಕೇಳಿದರು, ಇಬ್ಬರೂ ಕೊಟ್ಟರು, ಕಾಫಿ ಕುಡಿದರು. ಆಮೇಲೆ ಅವಳು, “ಸೊಪ್ಪು ಬಿಡೋ ಹಾಗಿಲ್ಲ ಈಗ. ಬೆಳೆಯೋ ವಯಸ್ಸು,” ಎಂದು ತಟ್ಟೆಗೆ ಇನ್ನೊಂದು ಸೌಟು ಹಾಕಿದಳು. ಅವಳಿಗೆ ನಗು ಬಂದಿತ್ತೋ ಅಳು ಬಂದಿತ್ತೋ ಅತಾಲಿಬಾನಿಗೆ ತಿಳಿಯಲಿಲ್ಲ.

ಸಂಜೆ ಚೌಕದ ಬಾರಿನಲ್ಲಿ, ನಲವತ್ತು ವರ್ಷದಿಂದ ಅವನಿಗೆ ದಿನಕ್ಕೊಂದು ಲೋಟ ಕಬ್ಬಿನ ಸಾರಾಯಿ ಸುರಿಯುತ್ತಿದ್ದ ಮಾಲೀಕ ಬೆಲ್ಕಿಯೋರ್ ಸೀಬೆಹಣ್ಣಿನ ರಸ ತಂದಿಟ್ಟ.

“ಇದೇನಿದು?”

“ನನ್ನ ಲೈಸೆನ್ಸ್ ಹೋಗತ್ತೆ ಮರಿ. ಕುಡಿ, ತಣ್ಣಗಿದೆ.”

ಪಕ್ಕದ ಮೇಜಿನವರು ಬಿದ್ದು ಬಿದ್ದು ನಕ್ಕರು. ಒಬ್ಬ, “ಹಲ್ಲು ಬಂದಮೇಲೆ ಕೊಡಿ ಬೆಲ್ಕಿಯೋರ್,” ಎಂದ. ಎರಡನೆಯ ವಾರಕ್ಕೆ ಯಾರೂ ನಗಲಿಲ್ಲ. ಮೂರನೆಯ ವಾರಕ್ಕೆ ಅವನು ಬಂದೊಡನೆ ಇಸ್ಪೀಟು ಆಟದವರು ತಮ್ಮ ಮಾತು ಬದಲಿಸಿ ಮಳೆಯ ಬಗ್ಗೆ ಮಾತನಾಡತೊಡಗಿದರು.

ಮೇ ತಿಂಗಳಲ್ಲಿ ಮಕ್ಕಳ ರಕ್ಷಣಾ ಸಮಿತಿಯಿಂದ ಇವೊನೆತೆಗೆ ನೋಟೀಸು ಬಂತು. ‘ನಿಮ್ಮ ಪಾಲನೆಯಲ್ಲಿರುವ ಅತಾಲಿಬಾ, ವಯಸ್ಸು ಹದಿನೈದು, ಹುಟ್ಟಿದಾಗಿನಿಂದ ಒಂದು ದಿನವೂ ಶಾಲೆಯ ಮೆಟ್ಟಿಲು ಹತ್ತಿಲ್ಲವೆಂದು ತಿಳಿದುಬಂದಿದೆ. ಏಳು ದಿನಗಳೊಳಗೆ ಸೇರಿಸತಕ್ಕದ್ದು.’ ಅವನು ಅರವತ್ತು ವರ್ಷದ ಹಿಂದೆ ನಾಲ್ಕನೆಯ ತರಗತಿಯವರೆಗೆ ಓದಿದ್ದ. ಆದರೆ ಅದು ಅವನು ಹುಟ್ಟುವ ಮುಂಚಿನ ಶಿಕ್ಷಣವಾದ್ದರಿಂದ ಪರಿಗಣಿಸಲಿಲ್ಲ. ಪರೀಕ್ಷೆ ಮಾಡಿ, ಲೆಕ್ಕದಲ್ಲಿ ಚುರುಕಿದ್ದಾನೆಂದು ನೇರವಾಗಿ ಎಂಟನೆಯ ತರಗತಿಗೆ ಹಾಕಿದರು. ಇವೊನೆತೆ ರಾತ್ರಿಯೊಳಗೆ ಸಮವಸ್ತ್ರ ಹೊಲಿದಳು.

ಬೆಂಚಿನಲ್ಲಿ ಅವನ ಪಕ್ಕ ಕೂರುತ್ತಿದ್ದವಳು ಕವಾನೆ, ಹದಿಮೂರರ ಹುಡುಗಿ. ಜೊವೆಲಿನಾ ಇಳಿಸಿಕೊಂಡ ಸಾವಿರದ ಮುನ್ನೂರ ಹದಿನಾಲ್ಕರಲ್ಲಿ ಕೊನೆಯ ನೂರು ಮಂದಿಯಲ್ಲಿ ಒಬ್ಬಳು. ಮೊದಲ ದಿನವೇ ಅವಳು ಕೇಳಿದಳು.

“ಅಜ್ಜ, ಆ ಯಂತ್ರ ನಿನ್ನನ್ನ ಯಾಕೆ ಒಳಗೆ ಬಿಡ್ಲಿಲ್ಲ? ನಮ್ಮನ್ನೆಲ್ಲ ಬಿಡತ್ತಲ್ಲ.”

“ನಿಮ್ಮನ್ನ ಬಿಡತ್ತಾ?”

ಕವಾನೆ ಚೀಲದಿಂದ ಮೇಯರರ ಚುನಾವಣಾ ಕರಪತ್ರ ತೆಗೆದಳು. ಅಂಚಿನಲ್ಲಿ ಕತ್ತರಿಸಿದ್ದಳು. ಮೇಯರ್ ಜೆನೆಜಿಯೊ ಪರಾನ್ಯೋಸರ ಮುಖ, ನಿಜವಾದ ಅಳತೆಯಲ್ಲಿ, ಬಣ್ಣದಲ್ಲಿ, ಊರಿನ ಪ್ರತಿ ಮನೆಗೂ ಮೂರು ಮೂರು ಸಲ ತಲುಪಿತ್ತು. “ಡೇರೀಲಿ ಒಮ್ಮೆ ಮೊಹರಾದ ಮುಖಕ್ಕೆ ಮನೇಲಿ ಮತ್ತೆ ಚೀಟಿ ಕೇಳಲ್ಲ, ಇದನ್ನ ಫೋನಿನ ಕ್ಯಾಮೆರಾ ಮುಂದೆ ಹಿಡಿದ್ರೆ ಸಾಕು. ‘ಐವತ್ತೆಂಟು, ಚೆನ್ನಾಗಿ ಮಾಗಿದೆ’ ಅಂತ ಹೇಳಿ ಬಿಟ್ಟುಬಿಡತ್ತೆ. ನಾನು ಈಜುಕೊಳದ ಟೈಮಿಂಗ್ ನೋಡ್ತೀನಿ ಅಷ್ಟೆ. ಬೇರೆಯವರು ಏನು ನೋಡ್ತಾರೋ ಗೊತ್ತಿಲ್ಲ.”

ಹೀಗಾಗಿ ಕೇಂದ್ರದ ದಾಖಲೆಯಲ್ಲಿ ಅಪ್ರಾಪ್ತರ ಭೇಟಿ ಸೊನ್ನೆ ಇತ್ತು, ಮತ್ತು ಮೇಯರರ ಭೇಟಿ ವಾರಕ್ಕೆ ನಾಲ್ಕು ಸಾವಿರದ ಆಸುಪಾಸಿನಲ್ಲಿತ್ತು. ಅವರು ಏಕಕಾಲದಲ್ಲಿ ಊರಿನ ಎಪ್ಪತ್ತು ಮನೆಗಳಿಂದ ನೋಡುತ್ತಿದ್ದರು. ಇದನ್ನು ಅಲ್ಲಗಳೆಯಬೇಕೆಂದರೆ ಯಂತ್ರ ಸರಿಯಿಲ್ಲವೆನ್ನಬೇಕಾಗಿತ್ತು, ಯಂತ್ರ ಭಾಮೈದನದ್ದು. ಮೇಯರರು ಎರಡು ದಿನ ಯೋಚಿಸಿ ಪ್ರಕಟಣೆ ಹೊರಡಿಸಿದರು: ‘ನಮ್ಮ ಮಕ್ಕಳು ಏನನ್ನು ನೋಡಬಾರದೆಂದು ತಿಳಿಯಲು ನಾನು ಖುದ್ದಾಗಿ ಎಲ್ಲವನ್ನೂ ನೋಡುತ್ತಿದ್ದೇನೆ. ಈ ಹೊರೆಯನ್ನು ಇನ್ನೊಬ್ಬರ ಮೇಲೆ ಹಾಕಲಾರೆ.’ ತಾಯಂದಿರ ಸಂಘ ಅವರಿಗೆ ಶಾಲು ಹೊದಿಸಿತು. ಮೇಯರರ ಹೆಂಡತಿ ಸಮಾರಂಭಕ್ಕೆ ಬಂದಿರಲಿಲ್ಲ.

“ಬೇಕಾದ್ರೆ ಇಟ್ಕೋ ಅಜ್ಜ,” ಎಂದು ಕವಾನೆ ಕರಪತ್ರ ನೀಡಿದಳು. “ನನ್ನ ಹತ್ರ ಇನ್ನೂ ಎರಡಿದೆ.”

ಅತಾಲಿಬಾ ಅದನ್ನು ತೆಗೆದುಕೊಂಡು ಮೇಯರರ ಮುಖವನ್ನು ನೋಡಿದ. ಮಧ್ಯಾಹ್ನ ಮೂರೂವರೆಗೆ ಕಾಫಿ ಸೋಸುವ ಹೊತ್ತು ಅವನಿಗೆ ನೆನಪಾಯಿತು. ಈಗಲೂ ಸೋಸುತ್ತಿದ್ದ, ಕುಡಿಯಲು ಮಾತ್ರ ಆಗುತ್ತಿರಲಿಲ್ಲ. ಕರಪತ್ರವನ್ನು ಮಡಚದೆ ಹಿಂದಕ್ಕೆ ಕೊಟ್ಟ.

“ಯಾಕೆ?”

“ಜೊವೆಲಿನಾನ ಇನ್ನೊಬ್ಬನ ಮುಖ ಹಾಕ್ಕೊಂಡು ನೋಡ್ಲಾ?”

ಕವಾನೆ ಯೋಚಿಸಿ, ಅದು ಸರಿಯಲ್ಲವೆಂದು ಒಪ್ಪಿದಳು. ಮತ್ತೆ ಆ ಮಾತು ಎತ್ತಲಿಲ್ಲ. ಬದಲಿಗೆ ಅವನಿಗೆ ಬೀಜಗಣಿತದಲ್ಲಿ ಅಕ್ಷರಗಳು ಯಾಕಿವೆಯೆಂದು ಹೇಳಿಕೊಟ್ಟಳು.

ಆಗಸ್ಟ್ ತಿಂಗಳಲ್ಲಿ ವಿಜ್ಞಾನದ ಆರನೆಯ ಪಾಠ ಬಂತು, ಮನುಷ್ಯನ ಹುಟ್ಟು. ಟೀಚರ್ ಮಿರ್ತೆಸ್ ನಿವೃತ್ತಿಗೆ ಎರಡು ವರ್ಷವಿದ್ದ, ಸೀಮೆಸುಣ್ಣವನ್ನು ಕೊನೆಯ ತುಣುಕಿನವರೆಗೆ ಬಳಸುವ ಹೆಂಗಸು. ಕಾನೂನಿನ ಹದಿನಾಲ್ಕನೆಯ ಕಲಮು ಶಿಕ್ಷಣಕ್ಕೆ ವಿನಾಯಿತಿ ಕೊಟ್ಟಿತ್ತು. ಸೂಲಗಿತ್ತಿಯರ ತರಬೇತಿ ಸಂಸ್ಥೆ ಹಿಂದೆಯೇ ಶಾಲೆಗೆ ಕಳಿಸಿದ್ದ ಪಾಠಗಳಲ್ಲಿ ನಾಲ್ಕನೆಯದರಲ್ಲಿ ಮಗುವನ್ನು ಟವೆಲಿನಲ್ಲಿ ಸುತ್ತಿದ್ದುದರಿಂದ ಚರ್ಮ ನೂರಕ್ಕೆ ಇಪ್ಪತ್ತೊಂಬತ್ತು ಬರುತ್ತಿತ್ತು. ಆದ್ದರಿಂದ ಅದೊಂದನ್ನು ಎಂಟನೆಯ ತರಗತಿಗೆ ನಾಲ್ಕು ಗುರುವಾರ, ಕನಿಷ್ಠ ಇಪ್ಪತ್ತು ಮಂದಿ ಅಪ್ರಾಪ್ತರ ಸಮಕ್ಷಮ, ತೋರಿಸಬಹುದೆಂದು ಅನುಮತಿ ಇತ್ತು. ಪ್ರತಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಕೇಂದ್ರಕ್ಕೆ ಹಿಂದಿರುಗಿಸಬೇಕಿತ್ತು.

ಕಿಟಕಿಗೆ ಪರದೆ ಎಳೆದರು. ಗೋಡೆಯ ಮೇಲೆ ಜೊವೆಲಿನಾ ಬಂದಳು. ಕೈ ತೊಳೆದುಕೊಂಡಳು, ಉಗುರಿನ ಸಂದಿಯನ್ನು ಹೇಗೆ ಉಜ್ಜಬೇಕೆಂದು ತೋರಿಸಿದಳು. ಮಗು ಅತ್ತಿತು. ಮಕ್ಕಳಲ್ಲಿ ಒಬ್ಬಿಬ್ಬರು ಕಿಸಕ್ಕನೆ ನಕ್ಕರು. ಆರನೆಯ ನಿಮಿಷಕ್ಕೆ ಆಕೆ ತಲೆ ತಿರುಗಿಸಿದಳು.

“ಅತಾಲಿಬಾ, ದೀಪ ಸ್ವಲ್ಪ ಮೇಲೆ ಹಿಡಿ. ಹಾಂ, ಸಾಕು. ಕೈ ನೋಯ್ತಿದೆಯಾ?”

ಮೂವತ್ತೊಂದು ತಲೆಗಳು ಮೂರನೆಯ ಬೆಂಚಿನ ಕಡೆಗೆ ತಿರುಗಿದವು.

“ಅಜ್ಜ, ಅದು ನೀನೇನಾ?” ಎಂದಳು ಕವಾನೆ, ಪಿಸುಮಾತಿನಲ್ಲಿ.

“ಹೂಂ.”

“ನೋಯ್ತಿತ್ತಾ?”

“ಇಲ್ಲ.”

ಟೀಚರ್ ಮಿರ್ತೆಸ್ ಹಲಗೆಯತ್ತ ತಿರುಗಿ ‘ಹೊಕ್ಕುಳಬಳ್ಳಿ’ ಎಂದು ಬರೆದರು. ಅದರ ಕೆಳಗೆ ಅಳತೆಗೋಲಿಟ್ಟು ಗೆರೆ ಎಳೆಯಲು ಬಹಳ ಹೊತ್ತು ತೆಗೆದುಕೊಂಡರು.

ಅಂದು ಮೂರೂವರೆಗೆ ಅತಾಲಿಬಾ ಕಾಫಿ ಕುಡಿದ. ನಾಲ್ಕು ಗುರುವಾರ ಹಾಗೆ ಕಳೆದವು. ಐದನೆಯ ಗುರುವಾರ ಗೋಡೆಯ ಮೇಲೆ ಮಣ್ಣಿನ ಪದರಗಳ ಚಿತ್ರ ಬಂತು. “ಮತ್ತೆ ಯಾವಾಗ ಟೀಚರ್?” ಎಂದು ಅವನು ಕೇಳಿದ. “ಮುಂದಿನ ಆಗಸ್ಟ್. ಎಂಟನೆಯ ತರಗತಿಗೆ,” ಎಂದರು ಟೀಚರ್. “ಆಗ ನೀನು ಒಂಬತ್ತರಲ್ಲಿರ್ತೀಯ.” ಅತಾಲಿಬಾ ಅದನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡ.

ನವೆಂಬರ್ ಹನ್ನೊಂದರಂದು ಯಾರೂ ನಿರೀಕ್ಷಿಸದ ಒಂದು ಅಡಚಣೆ ಬಂತು. ನ್ಯಾಯಾಲಯಕ್ಕೆ ಸುಣ್ಣ ಹೊಡೆಸುವಾಗ ಕಡತಗಳ ಕಪಾಟನ್ನು ತಲೆಕೆಳಗಾಗಿ ಇಟ್ಟಿದ್ದರಿಂದ ತಳದ ಕಡತ ಮೇಲೆ ಬಂದಿತ್ತು. ಹೊಸದಾಗಿ ಬಂದಿದ್ದ ನ್ಯಾಯಾಧೀಶರು ಅದನ್ನು ಓದಿ, ಅಂದೇ ಆದೇಶ ಬರೆದರು. ಎವೆರಾಲ್ದೊ ಆ ಕಾಗದ ಹಿಡಿದು ಓಡುತ್ತ ಶಾಲೆಗೆ ಬಂದು, ತರಗತಿಯ ಬಾಗಿಲಲ್ಲಿ ಟೊಪ್ಪಿ ತೆಗೆದ.

“ಸೆವು ಅತಾಲಿಬಾ, ಅಭಿನಂದನೆ. ನಿಮಗೀಗ ಎಪ್ಪತ್ತೊಂದು.”

ಅತಾಲಿಬಾ ಅವರು ಎದ್ದು ನಿಂತರು. ಸಮವಸ್ತ್ರದ ಗುಂಡಿ ಸರಿಪಡಿಸಿಕೊಂಡರು. “ಹಾಗಿದ್ರೆ ಆ ಪುಟ ನೋಡ್ಬಹುದಾ?”

“ಧಾರಾಳವಾಗಿ. ಆದ್ರೆ ಆ ಪುಟ ಈಗಿಲ್ಲ. ವಯಸ್ಕರ ಪಟ್ಟಿಗೆ ಸೇರಿದ ಮೇಲೆ ಆ ಸಂಸ್ಥೆಯವರು ಮರ್ಯಾದೆಗೆ ಅಂಜಿ ಮುಚ್ಚಿಬಿಟ್ರು.”

“ಶಾಲೇಲಿರೋ ಪ್ರತಿ?”

“ಅದು ಅಪ್ರಾಪ್ತರಿಗೆ ಮಾತ್ರ.” ಎವೆರಾಲ್ದೊ ಕಾಗದವನ್ನು ಕೈಯಿಂದ ಕೈಗೆ ಬದಲಿಸಿದ. “ಮಕ್ಕಳು ನೋಡಿದ್ರೆ ಅದು ಶಿಕ್ಷಣ. ದೊಡ್ಡವರು ನೋಡಿದ್ರೆ ಅದಕ್ಕೆ ಏನನ್ಬೇಕು ಅಂತ ಕಾನೂನಲ್ಲಿ ಇಲ್ಲ.”

ಕವಾನೆ ಪುಸ್ತಕ ಮುಚ್ಚಿದಳು.

“ಈ ಆದೇಶದ ಮೇಲೆ ತಕರಾರು ಹಾಕ್ಬಹುದಾ?” ಎಂದರು ಅತಾಲಿಬಾ.

“ಮೂವತ್ತು ದಿನದೊಳಗೆ. ಆದ್ರೆ ಗೆದ್ದವರು ಯಾರೂ ಹಾಕೋದಿಲ್ಲ.”

“ಅರ್ಜಿ ಕೊಡು.”

ತಕರಾರಿಗೆ ಆಧಾರ ಬೇಕಿತ್ತು. ಊರು ಕೂಡಿ ಒಂದೇ ದಿನದಲ್ಲಿ ಒದಗಿಸಿತು. ಬೆಲ್ಕಿಯೋರ್ ತಾನು ಏಳು ತಿಂಗಳಿಂದ ಈ ಹುಡುಗನಿಗೆ ಸೀಬೆಹಣ್ಣಿನ ರಸ ಬಿಟ್ಟು ಬೇರೇನೂ ಕೊಟ್ಟಿಲ್ಲವೆಂದು ಬರೆದುಕೊಟ್ಟ. ಇಸ್ಪೀಟು ಆಟದವರು ಅವನೆದುರು ತಾವು ಕೆಟ್ಟ ಮಾತು ಆಡುವುದಿಲ್ಲವೆಂದು ಬರೆದುಕೊಟ್ಟರು. ಟೀಚರ್ ಮಿರ್ತೆಸ್ ಹಾಜರಿ ಪುಸ್ತಕ ತಂದರು. ಅದರಲ್ಲಿ ‘ಪಾಠದ ವೇಳೆ ಪಕ್ಕದವಳೊಂದಿಗೆ ಮಾತು’ ಎಂಬ ಷರಾ ಮೂರು ಕಡೆ ಇತ್ತು. ಇವೊನೆತೆ ಮೇ ತಿಂಗಳಲ್ಲಿ ಹೊಲಿದ ಪ್ಯಾಂಟು ಈಗ ಗಿಡ್ಡವಾಗಿದೆ ಎಂದು ಪ್ರಮಾಣ ಮಾಡಿದಳು. ಅದು ಒಗೆತದಲ್ಲಿ ಕುಗ್ಗಿದ್ದೇ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನ್ಯಾಯಾಧೀಶರು ಅತಾಲಿಬಾ ಅವರನ್ನು ಎದುರು ನಿಲ್ಲಿಸಿಕೊಂಡು ಕನ್ನಡಕ ಏರಿಸಿ ನೋಡಿದರು. “ನಿಮಗೆ ನಿಜವಾಗಿ ಎಷ್ಟು ವಯಸ್ಸು?”

ಮೂವತ್ತೆಂಟು ವರ್ಷ ಒಂದು ಕಾಳಿನ ತಪ್ಪು ತೂಕ ಬರೆಯದ ಮನುಷ್ಯ ನೆಲ ನೋಡಿದರು. “ಚೀಟೀಲಿ ಇರೋವಷ್ಟು, ಸ್ವಾಮಿ.”

“ನಿಮ್ಮ ಹತ್ತಿರ ಬೇರೆ ಏನೂ ಹೇಳೋದಕ್ಕಿಲ್ವಾ?”

“ಇಲ್ಲ.”

ನ್ಯಾಯಾಧೀಶರು ಕಾಗದಗಳನ್ನು ಇನ್ನೊಮ್ಮೆ ತಿರುವಿದರು. ಮೊಹರುಗಳೆಲ್ಲ ಸರಿಯಾಗಿದ್ದವು. ಆದೇಶವನ್ನು ಹಿಂತೆಗೆದುಕೊಂಡರು. ಒಂಬತ್ತು ದಿನ ವಯಸ್ಕರಾಗಿದ್ದ ಅತಾಲಿಬಾ ಮತ್ತೆ ಅಪ್ರಾಪ್ತನಾಗಿ, ಮಧ್ಯಾಹ್ನದ ಭೂಗೋಳದ ಪಾಠಕ್ಕೆ ಸಮಯಕ್ಕೆ ಸರಿಯಾಗಿ ಶಾಲೆ ತಲುಪಿದ.

ಡಿಸೆಂಬರ್‌ನಲ್ಲಿ ಪರೀಕ್ಷೆ ಬಂತು. ವಿಜ್ಞಾನದಲ್ಲಿ ನಪಾಸಾದವರು ಎಂಟರಲ್ಲೇ ಉಳಿಯುವುದು ನಿಯಮ. ‘ಆಗ ಹುಟ್ಟಿದ ಆರೋಗ್ಯವಂತ ಶಿಶುವಿನ ತೂಕ ಎಷ್ಟು?’ ಎಂಬ ಪ್ರಶ್ನೆಗೆ ಅತಾಲಿಬಾ ‘ಅರವತ್ತು ಕಿಲೊ’ ಎಂದು ಬರೆದ. ಅದು ಒಂದು ಕಾಫಿ ಮೂಟೆಯ ತೂಕ. ‘ಗರ್ಭದ ಅವಧಿ ಎಷ್ಟು?’ ಎಂಬುದಕ್ಕೆ ‘ಹನ್ನೊಂದು ದಿನ, ಮಳೆ ಬಂದರೆ ಹನ್ನೆರಡು’ ಎಂದು ಬರೆದ. ಕೊನೆಯ ಪ್ರಶ್ನೆ ಹೊಕ್ಕುಳಬಳ್ಳಿಯನ್ನು ಕಟ್ಟಿ ಕತ್ತರಿಸುವ ಕ್ರಮದ ಬಗ್ಗೆ. ಅಲ್ಲಿ ಅವನ ಕೈ ತನ್ನಷ್ಟಕ್ಕೆ ಓಡಿತು. ಎಷ್ಟು ಬೆರಳು ಬಿಟ್ಟು ಕಟ್ಟಬೇಕು, ದಾರವನ್ನು ಎಷ್ಟು ಹೊತ್ತು ಕುದಿಸಿರಬೇಕು, ಬಡಿತ ನಿಂತಿದೆಯೆಂದು ಬೆರಳಿಗೆ ಹೇಗೆ ತಿಳಿಯುತ್ತದೆ, ಆ ಹೊತ್ತಿಗೆ ತಾಯಿಯೊಂದಿಗೆ ಏನು ಮಾತಾಡುತ್ತಿರಬೇಕು ಎಂದೆಲ್ಲ ಒಂದೂವರೆ ಪುಟ ತುಂಬಿತು.

ಟೀಚರ್ ಮಿರ್ತೆಸ್ ಅವನ ಹಿಂದೆ ಬಂದು ನಿಂತು ಓದಿದರು. “ಇದು ಸರಿ ಇದೆ ಅತಾಲಿಬಾ,” ಎಂದರು ಮೆಲ್ಲಗೆ. “ಎಲ್ಲಾ ಸರಿ ಇದೆ. ಇದಕ್ಕೆ ಅಂಕ ಕೊಟ್ರೆ ನೀನು ಪಾಸು.”

ಅವನು ಬರೆದದ್ದನ್ನು ಒಮ್ಮೆ ಓದಿಕೊಂಡ. ಆಮೇಲೆ ಅಳತೆಗೋಲು ಇಸಿದುಕೊಂಡು ಒಂದೊಂದು ಸಾಲನ್ನೂ ನೇರವಾಗಿ, ಅಕ್ಷರ ಕಾಣುವ ಹಾಗೆ, ಹೊಡೆದುಹಾಕಿದ. ಟೀಚರ್ ಪಕ್ಕದಲ್ಲೇ ನಿಂತು ಅದು ಮುಗಿಯುವವರೆಗೆ ಕಾದರು.

ಫಲಿತಾಂಶದ ಪಟ್ಟಿ ಅಂಟಿಸಿದ ದಿನ ಊರಿನವರು ಬಂದು ಅವನ ಕೈ ಕುಲುಕಿದರು. ಅದೇ ಪ್ರಶ್ನೆಗೆ ಕವಾನೆ ಸೇರಿ ಇನ್ನೂ ಹತ್ತೊಂಬತ್ತು ಮಂದಿ ‘ಅರವತ್ತು ಕಿಲೊ’ ಎಂದೇ ಬರೆದು ವಿಜ್ಞಾನದಲ್ಲಿ ಬಿದ್ದಿದ್ದರು. ತಪ್ಪು ಉತ್ತರವನ್ನು ಯಾರೂ ನಕಲು ಮಾಡುವುದಿಲ್ಲವಾದ್ದರಿಂದ ಇದರಲ್ಲಿ ಅಕ್ರಮವೇನೂ ನಡೆದಿಲ್ಲವೆಂದು ತನಿಖೆಯಲ್ಲಿ ಸಾಬೀತಾಯಿತು. ಅವರ ತಾಯಂದಿರು ಬೈದರು, ಆದರೆ ಜೋರಾಗಿ ಬೈಯಲಿಲ್ಲ.

ಮಕ್ಕಳ ರಕ್ಷಣಾ ಸಮಿತಿ ಇಷ್ಟು ಮಂದಿ ಹುಟ್ಟಿನ ವಿಷಯದಲ್ಲಿ ಇಷ್ಟು ಹಿಂದುಳಿದಿರುವುದನ್ನು ಗಂಭೀರವಾಗಿ ಪರಿಗಣಿಸಿತು. ಎವೆರಾಲ್ದೊ ಕಡತ ತಯಾರಿಸಿದ, ಮೇಯರರು ಓದದೆ ಸಹಿ ಹಾಕಿದರು, ಇವೊನೆತೆಗೆ ಪತ್ರ ಬಂತು. ಅವಳು ಅದನ್ನು ಅಡುಗೆಮನೆಯಲ್ಲಿ ನಿಂತು ಓದಿ ಹೇಳಿದಳು. ನಿಮ್ಮ ಪಾಲನೆಯಲ್ಲಿರುವ ಅತಾಲಿಬಾ ವಿಜ್ಞಾನದಲ್ಲಿ ಬಹಳ ದುರ್ಬಲನಾಗಿದ್ದು, ಅವನನ್ನೂ ಉಳಿದ ಹತ್ತೊಂಬತ್ತು ಮಂದಿಯನ್ನೂ ವಿಶೇಷ ತರಗತಿಗೆ ಸೇರಿಸಲಾಗಿದೆ. ಫೆಬ್ರವರಿಯಿಂದ ಪ್ರತಿ ಗುರುವಾರ ನಾಲ್ಕನೆಯ ಪಾಠವನ್ನು ತೋರಿಸಲಾಗುವುದು, ಅವನಿಗೆ ಪೂರ್ತಿ ಅರ್ಥವಾಗುವವರೆಗೆ.